ವಿಂಟೇಜ್ ಬಟ್ಟೆ ಅಂಗಡಿ ತೆರೆಯುವವರಿಗೆ: ಕೊಳ್ಳುವಾಗ, ಒಗೆಯುವಾಗ ಏನು ನೋಡಬೇಕು?

ಪ್ರಶ್ನೆ: ಹಳೇ ಕಾಲದ ಬಟ್ಟೆಗಳ ಚಿಕ್ಕ ಅಂಗಡಿ ತೆರೆಯುವ ಯೋಚನೆ ಇದೆ. ಯಾವ ಬಟ್ಟೆ ತಗೋಬೇಕು, ಯಾವುದನ್ನು ಬಿಡಬೇಕು? ಒಗೆಯುವುದು ಹೇಗೆ, ಹಳೇ ವಾಸನೆಗೆ ಏನು ಮಾಡುವುದು? ತಿಳಿದವರು ವಿವರವಾಗಿ ಹೇಳಿ.

ಸೂಜಿದಾರ: ಬಟ್ಟೆಯನ್ನು ಒಳಮಗ್ಗುಲಾಗಿ ತಿರುಗಿಸಿ ಬೆಳಕಿಗೆ ಹಿಡಿಯಿರಿ. ಕಂಕುಳು, ಕಾಲರಿನ ಮಡಿಕೆ, ಪ್ಯಾಂಟಿನ ತೊಡೆಸಂದು, ಜೇಬಿನ ತಳ ಮೊದಲು ಸವೆಯುವ ಜಾಗಗಳು. ಆಮೇಲೆ ಹೊಲಿಗೆಯ ಪಕ್ಕದಲ್ಲಿ ಎರಡು ಹೆಬ್ಬೆರಳಿಟ್ಟು ಮೆಲ್ಲಗೆ ಎಳೆಯಿರಿ. ಕಾಗದ ಹರಿದಂತೆ ಸದ್ದು ಬಂದರೆ ನೂಲು ಸತ್ತಿದೆ, ಬಿಟ್ಟುಬಿಡಿ. ಕಪ್ಪು ಹತ್ತಿಯಲ್ಲಿ ಇದು ಹೆಚ್ಚು: ಗಂಧಕದ ಬಣ್ಣ ತೇವಕ್ಕೆ ಸಿಕ್ಕಿ ನಿಧಾನವಾಗಿ ಆಮ್ಲವಾಗುತ್ತದೆ, ನೂಲನ್ನೇ ತಿನ್ನುತ್ತದೆ. ನೂರು ವರ್ಷದಾಚೆಯ ರೇಷ್ಮೆಯಲ್ಲಿ ತೂಕ ಬರಲೆಂದು ತವರದ ಲವಣ ಸೇರಿಸಿದ್ದು ಬಹಳ. ಅದು ಮಡಿಕೆಗುಂಟ ಸೀಳುತ್ತದೆ, ಯಾವ ಹೊಲಿಗೆಯೂ ಅದನ್ನು ಹಿಡಿದಿಡುವುದಿಲ್ಲ. ಬಿಚ್ಚಿದ ಹೊಲಿಗೆ, ಬಿದ್ದ ಗುಂಡಿ, ಸೋತ ಎಲಾಸ್ಟಿಕ್‌ಗೆ ಹೆದರಬೇಡಿ, ರಿಪೇರಿ ಆಗುತ್ತವೆ.

ಹಳೇಗುಂಡಿ: ಬಟ್ಟೆಯ ಕಾಲ ಹೇಳುವಾಗ ಒಂದೇ ಗುರುತು ನಂಬಬೇಡಿ. ಲೋಹದ ಜಿಪ್ ಕಂಡ ಕೂಡಲೇ 1960ಕ್ಕಿಂತ ಹಿಂದಿನದು ಎನ್ನುವವರಿದ್ದಾರೆ; ಜೀನ್ಸ್‌ನಲ್ಲಿ ಇವತ್ತಿಗೂ ಲೋಹದ್ದೇ. ಜಿಪ್ ಪಕ್ಕ ಹಳೇ ಸೂಜಿತೂತುಗಳ ಸಾಲು ಇದ್ದರೆ ಅದು ಬದಲಾದ ಜಿಪ್. ಲೇಬಲ್ ಹೆಚ್ಚು ಹೇಳುತ್ತದೆ: ಬ್ರಿಟನ್ನಿನ ಸಿಸಿ41 ಮುದ್ರೆ (ಸರ್ಕಾರದ ಮಿತವ್ಯಯ ನಿಯಮದಂತೆ ಹೊಲಿದ ಬಟ್ಟೆಯ ಗುರುತು) 1941ರಿಂದ 1952ರ ಅವಧಿಯದು, ಅಮೆರಿಕದಲ್ಲಿ ಒಗೆಯುವ ಸೂಚನೆಯ ಪಟ್ಟಿ ಕಡ್ಡಾಯವಾದದ್ದು 1972ರಲ್ಲಿ. ಜಿಪ್, ಲೇಬಲ್, ಹೊಲಿಗೆ ಮೂರೂ ಒಂದೇ ಕಾಲ ತೋರಿಸಿದರೆ ಮಾತ್ರ ದಶಕ ಬರೆಯಿರಿ.

ನೀಲಿಬಕೆಟ್: ಅಂಗಡಿ ಉಳಿಯುವುದೂ ಮುಳುಗುವುದೂ ಒಗೆತದಲ್ಲಿ. ಒದ್ದೆ ಬಿಳಿ ಬಟ್ಟೆಯನ್ನು ಒಳಹೊಲಿಗೆಯ ಮೇಲೆ ಒಂದು ನಿಮಿಷ ಒತ್ತಿ, ಬಣ್ಣ ಹತ್ತಿದರೆ ನೆನೆಸಬೇಡಿ. ಬಿಳಿ ಹತ್ತಿ, ಲಿನನ್ ಹಳದಿಯಾಗಿದ್ದರೆ 40 ಡಿಗ್ರಿ ನೀರಿಗೆ ಲೀಟರಿಗೆ ಸುಮಾರು 10 ಗ್ರಾಂ ಸೋಡಿಯಂ ಪರ್ಕಾರ್ಬೋನೇಟ್ (ಕ್ಲೋರಿನ್ ಇಲ್ಲದ ಬ್ಲೀಚ್ ಪುಡಿ) ಹಾಕಿ ಆರೇಳು ಗಂಟೆ ನೆನೆಸಿ, ಚೆನ್ನಾಗಿ ಜಾಲಿಸಿ. ಉಣ್ಣೆ, ರೇಷ್ಮೆಗೆ ಇದು ಕೂಡದು, ಕ್ಷಾರ ಅವನ್ನು ಹಾಳುಮಾಡುತ್ತದೆ. ರೇಯಾನ್ ಒದ್ದೆಯಾದಾಗ ಬಲ ಕಳೆದುಕೊಳ್ಳುತ್ತದೆ. ಭುಜ ಹಿಡಿದು ಎತ್ತದೆ ಅಡಿಗೆ ಟವಲ್ ಕೊಟ್ಟು ಎತ್ತಿ. ರೇಯಾನ್ ಕ್ರೇಪ್, ಅಂದರೆ ಸಣ್ಣ ಸುಕ್ಕಿನ ನೇಯ್ಗೆಯ ರೇಯಾನ್, ನೀರು ಕಂಡರೆ ಕುಗ್ಗುತ್ತದೆ, ಲೈನಿಂಗ್ ಕೆಳಗೆ ಇಣುಕುತ್ತದೆ. ಅದನ್ನು ಡ್ರೈಕ್ಲೀನಿಂಗ್‌ಗೇ ಕೊಡಿ.

ಮುಗ್ಗಲು ವಾಸನೆಗೆ ನೆರಳಲ್ಲಿ ಗಾಳಿ, ಮೂರ್ನಾಲ್ಕು ದಿನ. ಸೆಂಟು ಹೊಡೆದರೆ ಎರಡೂ ವಾಸನೆ ಸೇರಿ ಗಿರಾಕಿ ಮೂಗು ಮುಚ್ಚಿಕೊಳ್ಳುತ್ತಾರೆ. ಉಣ್ಣೆಯಲ್ಲಿ ಹುಳದ ತೂತು ಕಂಡರೆ ಅಂಗಡಿಯೊಳಗೆ ತರುವ ಮುಂಚೆಯೇ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ತೆಗೆದು ಕಟ್ಟಿ, ಮೈನಸ್ 18 ಡಿಗ್ರಿ ಫ್ರೀಜರ್‌ನಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ, ಇಲ್ಲದಿದ್ದರೆ ತಣ್ಣನೆ ಬಟ್ಟೆ ಮೇಲೆ ನೀರು ಕೂರುತ್ತದೆ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಧನ್ಯವಾದ. ಸೈಜ್ ಹೇಗೆ ಬರೆಯುವುದು? ಪಾಲಿಯೆಸ್ಟರ್ ಬಹಳ ಸಿಗುತ್ತಿದೆ, ತಗೋಬಹುದಾ?

ಸೂಜಿದಾರ: ಲೇಬಲ್ಲಿನ ಸೈಜ್ ಲೆಕ್ಕಕ್ಕಿಲ್ಲ, ಹಳೇ 14 ಇವತ್ತಿನ 14ಕ್ಕಿಂತ ಬಹಳ ಚಿಕ್ಕದು. ಬಟ್ಟೆಯನ್ನು ಸಪಾಟಾಗಿ ಹಾಸಿ ಭುಜ, ಕಂಕುಳಿಂದ ಕಂಕುಳು, ಸೊಂಟ, ತೋಳು, ಉದ್ದ ಅಳೆದು ಚೀಟಿಯಲ್ಲಿ ಬರೆಯಿರಿ. ಚೀಟಿಯ ಪಿನ್ನು ಹೊಲಿಗೆಯೊಳಗೇ ಇರಲಿ, ರೇಷ್ಮೆಗೆ ಚುಚ್ಚಿದ ತೂತು ಮುಚ್ಚುವುದಿಲ್ಲ. ಹೆಣಿಗೆ ಬಟ್ಟೆ ತೂಗುಹಾಕಿದರೆ ಜೋಲುತ್ತದೆ, ಮಡಚಿಡಿ. ಗಿರಾಕಿಗೆ ಒಳಭಾಗವನ್ನೂ ತೋರಿಸಿ. ಎಷ್ಟೋ ಹಳೇ ಕೋಟುಗಳಲ್ಲಿ ಅಗಲವಾದ ಹೊಲಿಗೆಪಟ್ಟಿ ಬಿಟ್ಟಿರುತ್ತಾರೆ, ಅಳತೆಗೆ ಬೇಕಾದರೆ ಬಿಚ್ಚಿ ಅಗಲ ಮಾಡಬಹುದು. ಇಂಥ ಬಟ್ಟೆ ಹುಡುಕಿ ಬರುವವರು ಅದಕ್ಕೇ ಮರುಳಾಗುವುದು.

ನೀಲಿಬಕೆಟ್: ಪಾಲಿಯೆಸ್ಟರ್ ತಗೊಳ್ಳಿ, ಎಪ್ಪತ್ತರ ದಶಕದ ಪ್ರಿಂಟ್‌ಗಳ ಬಣ್ಣ ಇನ್ನೂ ಗಟ್ಟಿ. ಆದರೆ ಬೆವರಿನ ಜಿಡ್ಡನ್ನು ಅದು ಬಿಡುವುದೇ ಇಲ್ಲ. ಕೊಳ್ಳುವ ಮುಂಚೆ ಕಂಕುಳಿಗೆ ಉಸಿರು ಬಿಟ್ಟು, ಬೆಚ್ಚಗಾದ ಮೇಲೆ ಮೂಸಿ ನೋಡಿ. ಆಗ ನಾತ ಎದ್ದರೆ ಗಿರಾಕಿಯ ಮೈಶಾಖಕ್ಕೂ ಏಳುತ್ತದೆ.