ಒಕ್ಕೂಟದ ಅಕ್ಕೋರು ಬಿಡ್ಲತ್ತಾರ, ಹೊಸಾಕಿಗಿ ಕೆಲಸ ಹ್ಯಾಂಗ ಒಪ್ಪಿಸಬೇಕು? ಟ್ರೇನಿಂಗ್ ಹ್ಯಾಂಗಿರಬೇಕು?

ಶಹಾಪುರದಾಕಿ:

ಎಲ್ಲಾರಿಗಿ ಶರಣ್ರಿ. ಸ್ವಲ್ಪ ಉದ್ದ ಬರೀಲತ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ನಮ್ಮದು ಯಾದಗಿರಿ ಜಿಲ್ಲಾದಾಗ ಸಣ್ಣ ಸಣ್ಣ ಮಹಿಳಾ ಸಂಘಗೋಳು ಕೂಡಿ ಮಾಡ್ಕೊಂಡಿರೋ ಒಕ್ಕೂಟ, ಶಹಾಪುರ, ಸುರಪುರ, ಹುಣಸಗಿ, ಗುರುಮಠಕಲ್ ಕಡಿ ಕಾರ್ಯಕರ್ತೆಯರು ಅದಾರ. ಗಂಡನ ಹೊಡೆತ ತಿಂದಾಕಿ, ಅತ್ಯಾಚಾರ ಆದಾಕಿ, ಜಾತಿ ಹೆಸರಿಲೆ ಬಡಿಸ್ಕೊಂಡವ್ರು, ಇವರ ಜೋಡಿ ಠಾಣೆಗಿ ದವಾಖಾನಿಗಿ ಕೋರ್ಟಿಗಿ ಹೋಗಾದೇ ನಮ್ ಕೆಲಸ. ವಕೀಲಕಿ ಮಾಡಲ್ರಿ ನಾವು, ಜೋಡಿ ಹೋಗ್ತೀವಿ ಅಷ್ಟೇ.

ಇಷ್ಟು ವರ್ಷ ಒಬ್ಬರೇ ಅಕ್ಕೋರು ಸಂಚಾಲಕಿ ಆಗಿದ್ರು. ಈಗ ಮೊಣಕಾಲ ನೋವು, ಮಗಳ ಬಾಣಂತನ ಬ್ಯಾರೆ, ಬರೋ ಯುಗಾದಿಗಿ ಬಿಡ್ತೀನಿ ಅಂದಾರ. ಅವರ ಜಾಗಾದಾಗ ಬರಾಕಿ ಕಲಬುರಗಿ ಹುಡುಗಿ, ಎಂಎಸ್‌ಡಬ್ಲ್ಯೂ (ಸಮಾಜಕಾರ್ಯ) ಓದ್ಯಾಳ, ಎರಡು ವರ್ಷ ಆತು ನಮ್ಮ ಜೋಡಿ ಇದ್ದು, ಭಾಳ ಹುಷಾರದಾಳ, ಖರೇ ಹೇಳ್ತೀನಿ ನನಗಂತೂ ಆಕಿ ಮ್ಯಾಲ ವಿಶ್ವಾಸ ಅದ. ಆದ್ರ ಹಳ್ಯಾಗಿನ ಹೆಣ್ಮಕ್ಕಳು ಆಕಿಗಿ ಇನ್ನಾ ಮೇಡಂ ಅಂತಾರ, ಅಕ್ಕಾ ಅನ್ನಲ್ಲ.

ಸಮಸ್ಯಾ ಏನಪಾ ಅಂದ್ರ ಅಕ್ಕೋರ ಫೋನು. ಮೂಲಿ ಒಡದದ, ರಬ್ಬರ್ ಬ್ಯಾಂಡ್ ಹಾಕ್ಯಾರ, ಆ ಫೋನಿನ್ಯಾಗೇ ನಮ್ಮ ಒಕ್ಕೂಟ ಅದ ಅನ್ರಿ. ಪಿಎಸ್‌ಐ ನಂಬರು, ಸರ್ಕಾರಿ ವಕೀಲರ ನಂಬರು, ದವಾಖಾನಿ ಸಿಸ್ಟರ್ ನಂಬರು, ಎಲ್ಲಾ ಅಲ್ಲೇ. ನೊಂದ ಹೆಣ್ಮಕ್ಕಳ ನಂಬರಿಗಿ ಮಾತ್ರ ಹೆಸರೇ ಇಲ್ಲ, ಯಾರರ ಫೋನ್ ಕಸ್ಗೊಂಡು ನೋಡಿದ್ರ ಗೊತ್ತಾಗಬಾರ್ದಂತ 'ಕೆಂಪು ಸೀರಿ', 'ಎಮ್ಮಿ ಮನಿ', 'ಬಸ್‌ಸ್ಟ್ಯಾಂಡ್ ಚಾ' ಹಿಂಗ ಸೇವ್ ಮಾಡ್ಯಾರ. ಮೊನ್ನಿ ಹೊಸಾಕಿ ಪಟ್ಟಿ ಮಾಡ್ಲಿಕ್ಕ ಕುಂತಳು, ಕೆಂಪು ಸೀರಿ ಅಂತ ಮೂರು ಅದಾವ್ರಿ! ಅಕ್ಕೋರಿಗಿ ಕೇಳಿದ್ರ 'ಅದು ನನಗ ಗೊತ್ತದ ಬಿಡು' ಅಂತಾರ. ಅವರಿಗಿ ಗೊತ್ತದ, ಅದೇ ನಮ್ಮ ಚಿಂತಿ.

ಇನ್ನೊಂದು ಟ್ರೇನಿಂಗ್. ಹೋದ ವರ್ಷ ಕಲ್ಯಾಣಮಂಟಪದಾಗ ಒಂದು ಮಾಡಿದ್ವಿ, ಮುಂಜಾನಿಂದ ಸಂಜಿತನ ಪಿಪಿಟಿ, ಸೆಕ್ಷನ್ ಮ್ಯಾಲ ಸೆಕ್ಷನ್, ತಾಂಡಾದಿಂದ ಬಂದ ಇಬ್ಬರು ಗ್ವಾಡಿಗಿ ಆನ್ಕೊಂಡು ಮಲಗೇ ಬಿಟ್ರು, ಉಪ್ಪಿಟ್ಟು ಚಲೋ ಇತ್ತು ಅಂಬೋದಷ್ಟೇ ಎಲ್ಲಾರ ನೆನಪಿನ್ಯಾಗ ಅದ. ಈ ಸಲ ಹೊಸಾಕಿ ಬರೋ ಹೊತ್ತಿಗೇ ಎಲ್ಲಾರಿಗೂ ಹೊಸದಾಗಿ ಕಲಸಬೇಕಂತ ಅದ. ಯಾರರ ಮಾಡಿದವ್ರು ಇದ್ರ ಹೇಳ್ರಿ, ಏನು ಕಲಸಬೇಕು, ಹ್ಯಾಂಗ, ಎಷ್ಟು ದಿನ, ಆ ಫೋನಿಂದು ಏನು ಮಾಡಬೇಕು.

ಕೋರ್ಟ್ ಕಟ್ಟಿ, ಕಲಬುರಗಿ:

ಅಕ್ಕಾ, ನಾನು ವಕೀಲ, ಕಾನೂನು ನೆರವಿನ ಕೇಸು ನೋಡ್ತೀನಿ. ಮೊದಲು ಒಣ ಕೆಲಸ ಹೇಳ್ಬಿಡ್ತೀನಿ. ನಿಮ್ದು ಸೊಸೈಟಿ ಕಾಯ್ದೆ ಕೆಳಗ ನೋಂದಣಿ ಆಗಿದ್ರ ಸಭಾ ಕರೀರಿ, ಠರಾವು ಬರೀರಿ, ಹೊಸ ಪದಾಧಿಕಾರಿಗಳ ಪಟ್ಟಿ ರಿಜಿಸ್ಟ್ರಾರಿಗಿ ಕೊಡ್ರಿ, ಬ್ಯಾಂಕಿನ್ಯಾಗ ಸಹಿ ಬದಲಿ ಮಾಡಸ್ರಿ. ಎಲ್ಲಾರೂ ಹಾರ ಹಾಕಿ ಫೋಟೋ ತಗೊಂಡು ಸುಮ್ಮಾಗ್ತಾರ, ಆಮ್ಯಾಲ ಚೆಕ್ ಪಾಸಾಗ್ವಲ್ದು ಅಂತ ಹಳೀ ಅಧ್ಯಕ್ಷಿ ಮನಿಗಿ ಓಡ್ತಾರ.

ಟ್ರೇನಿಂಗಿಗಿ ಸೆಕ್ಷನ್ ಬಾಯಿಪಾಠ ಬ್ಯಾಡ್ರಿ, ಕಾಗದ ಓದೋದು ಕಲಸ್ರಿ. ಒಂದು ಎಫ್‌ಐಆರ್ ತರ್ರಿ, ಹೆಸರು, ಊರು, ಗುರುತು ಸಿಗೋ ಮಾತು ಎಲ್ಲಾ ಕಪ್ಪು ಮಸಿಲೆ ಅಳಸ್ರಿ, ಝೆರಾಕ್ಸ್ ಮಾಡಿ ಒಬ್ಬೊಬ್ಬರ ಕೈಯಾಗ ಕೊಡ್ರಿ. ಹೇಳಿದ್ದೆಲ್ಲಾ ಇದರಾಗ ಬಂದದ ಇಲ್ಲ, ತಾರೀಕು ಸರಿ ಅದ ಇಲ್ಲ, ಯಾವ ಕಲಂ ಹಚ್ಚ್ಯಾರ, ಇದನ್ನ ಹುಡುಕ್ಲಿ. 2024ರ ಜುಲೈ 1ರಿಂದ ಹೊಸ ಕಾನೂನು ಬಂದವು, ಐಪಿಸಿ ಹೋಗಿ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತಾ), ಸಿಆರ್‌ಪಿಸಿ ಹೋಗಿ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತಾ), ಇನ್ನಾ ಭಾಳ ಮಂದಿ ಬಾಯಾಗ ಹಳೀ ನಂಬರೇ ಅದಾವ, ನಮ್ಮ ವಕೀಲರ ಬಾಯಾಗೂ ಸೈತ. ಜಜ್ ಮುಂದ ಕೊಡೋದಕ್ಕ 164 ಹೇಳಿಕಿ ಅಂತಿದ್ದಿವಲ್ಲ ಅದು ಈಗ ಬಿಎನ್‌ಎಸ್‌ಎಸ್ 183, ಪರಿಹಾರದ 357ಎ ಈಗ 396. ಯಾವ ಠಾಣೆ ಹದ್ದಿನ್ಯಾಗ ಆದ್ರೂ ಫಿರ್ಯಾದಿ ತಗೋಬೇಕು ಅಂಬೋದು 173ರಾಗ ಬಂದದ. 90 ದಿನದಾಗ ತನಿಖಾ ಎಲ್ಲಿತನ ಬಂತು ಅಂತ ನೊಂದವರಿಗಿ ಪೊಲೀಸರೇ ತಿಳಸಬೇಕು, ಇದು 193ರಾಗ ಅದ. ಕಾರ್ಯಕರ್ತೆಗಿ ಗೊತ್ತಿದ್ರ 'ಸಾಹೇಬ್ರೆ 90 ದಿನ ಆಯ್ತಲ್ರಿ' ಅಂತ ಕೇಳ್ತಾಳ, ಗೊತ್ತಿಲ್ದಿದ್ರ ಬಾಗಿಲಾಗ ನಿಂತು ವಾಪಸ್ ಬರ್ತಾಳ.

ಜಾತಿ ದೌರ್ಜನ್ಯದ ಕೇಸಿನ್ಯಾಗ ಎಸ್‌ಸಿ ಎಸ್‌ಟಿ ದೌರ್ಜನ್ಯ ತಡೆ ಕಾಯ್ದೆ 15ಎ ಕಲಂ ಒಂದು ಸಂಜಿ ಪೂರಾ ಇಡ್ರಿ, 2016ರಿಂದ ಅದ, ಜಾಮೀನು ಅರ್ಜಿ ಬಂದಾಗ ನೊಂದವರಿಗಿ ಮೊದಲೇ ತಿಳಸಬೇಕು, ಅವರ ಮಾತೂ ಕೇಳಬೇಕು. ನಿಮ್ ಕಡಿ ಮಂದಿ ಬೆಂಗಳೂರು, ಪುಣೆ, ಹೈದರಾಬಾದಿಗಿ ಗುಳೆ ಹೋಗಿರ್ತಾರ, ನೋಟಿಸು ಬೀಗ ಹಾಕಿದ ಮನಿ ಬಾಗಿಲಿಗಿ ಬರ್ತದ. ಆ ಫೋನಿನ್ಯಾಗಿನ ನಂಬರು ಅಲ್ಲೇ ಕೆಲಸಕ್ಕ ಬರ್ತದ ನೋಡ್ರಿ. ಇನ್ನ ಆರೋಪಿ ಖುಲಾಸೆ ಆದ್ರ ಎಲ್ಲಾ ಮುಗೀತು ಅಂತ ತಿಳೀಬ್ಯಾಡ್ರಿ, ನೊಂದವರೇ ಮೇಲ್ಮನವಿ ಹಾಕಬಹುದು, ಅದಕ್ಕ ಮೊದಲು ಅನುಮತಿ ಬೇಡಬೇಕಾಗಿಲ್ಲ ಅಂತ 2018ರಾಗ ಸುಪ್ರೀಂ ಕೋರ್ಟ್ ಹೇಳ್ಯಾದ, ಅದು ನಮ್ಮ ಕರ್ನಾಟಕದ್ದೇ ಕೇಸು, ಮಲ್ಲಿಕಾರ್ಜುನ ಕೊಡಗಲಿ ಅಂತ. ಹೈಕೋರ್ಟ್ ಪೀಠ ಕಲಬುರಗ್ಯಾಗೇ ಅದ, ಬೆಂಗಳೂರಿಗಿ ಓಡೋದು ಬೇಕಿಲ್ಲ. ಹೆಣ್ಮಕ್ಕಳಿಗಿ, ಎಸ್‌ಸಿ ಎಸ್‌ಟಿಯವರಿಗಿ ಆದಾಯ ನೋಡ್ಲಾರ್ದೆ ಪುಕ್ಕಟೆ ವಕೀಲರು ಸಿಗ್ತಾರ, 15100ಕ್ಕ ಫೋನ್ ಹಚ್ರಿ.

ಫೋನಿಂದು ಮಾತ್ರ ಹುಷಾರ್. ಅತ್ಯಾಚಾರ ಕೇಸಿನ್ಯಾಗ ನೊಂದಾಕಿ ಗುರುತು ಬಯಲು ಮಾಡೋದು ಅಪರಾಧ, ಬಿಎನ್‌ಎಸ್ 72, ಎರಡು ವರ್ಷತನ ಜೈಲದ. ಎಲ್ಲಾ ಹೆಸರು ಎಕ್ಸೆಲ್‌ನಾಗ ಹಾಕಿ ವಾಟ್ಸಾಪ್ ಗ್ರೂಪಿಗಿ ಬಿಟ್ಟೀರಿ ಮತ್ತ.

ಆಳಂದ ರಸ್ತಾ:

ನಾನು ಆ ಕಡಿಯವ, ಅಂದ್ರ ನೊಂದ ಮನಿಯವ. ನಮ್ಮ ತಂಗಿ ಕೇಸಿನ್ಯಾಗ ಒಂದು ಸಂಸ್ಥೆ ನೆರವಿಗಿ ಬಂದಿತ್ತು, ಹೆಸರು ಬ್ಯಾಡ. ಒಂದು ವರ್ಷದಾಗ ಮೂರು ಮಂದಿ ಬದಲಾದ್ರು. ಬಂದವರೆಲ್ಲ ಕುಂತು 'ಏನಾಯ್ತವ್ವ, ಶುರುವಿಂದ ಹೇಳು' ಅಂತಿದ್ರು. ಠಾಣ್ಯಾಗ ಹೇಳ್ಯಾಳ, ಡಾಕ್ಟರಿಗಿ ಹೇಳ್ಯಾಳ, ಜಜ್ ಮುಂದ ಹೇಳ್ಯಾಳ, ಮತ್ತ ಇವರಿಗೆ ಮೂರು ಸಲ. ಮೂರನೇ ಮೇಡಂ ಬಂದ ದಿನ ತಂಗಿ ಒಳಗ್ಹೋಗಿ ಚಿಲಕ ಹಾಕ್ಕೊಂಡ್ಳು, ಅವ್ವ ಹೊರಗ ಕುಂತು ಆ ಮೇಡಂಗ ಚಾ ಕೊಟ್ಟು ಕಳಿಸಿದ್ಳು. ಅದಾದಮ್ಯಾಲ ಯಾರೂ ಬರಲಿಲ್ಲ, ನಾವೂ ಕರೀಲಿಲ್ಲ.

ವಕೀಲರು ಹೇಳೋ ಗುಟ್ಟು ಸರಿನೇ ಅದ, ಇಲ್ಲ ಅನ್ನಲ್ಲ. ಆದ್ರ ಗುಟ್ಟು ಗುಟ್ಟು ಅಂತ ಏನೂ ಬರದಿಡಲಿಲ್ಲಂದ್ರ ಆ ಹುಡುಗಿ ಮತ್ತ ಮತ್ತ ಹೇಳಬೇಕಲ್ಲ? ನಿಮ್ಮ ಲೀಡರ್ ಯಾರರ ಆಗ್ಲಿ, ಮತ್ತ ಕೇಳಬ್ಯಾಡ್ರಿ ಅಷ್ಟೇ.

ಹಳೇ ಸಹಯೋಗಿನಿ, ಬೀದರ್:

ತಮ್ಮಾ ಆಳಂದ ರಸ್ತಾ, ನಿನ್ನ ಮಾತು ಓದಿ ಊಟ ಸೇರಲಿಲ್ಲಪ್ಪ.

ತಂಗಿ ಶಹಾಪುರದಾಕಿ, ನಾನು ಮಹಿಳಾ ಸಮಖ್ಯಾದಾಗ (ಹಳ್ಳ್ಯಾಗ ಹೆಣ್ಮಕ್ಕಳ ಸಂಘ ಕಟ್ಟೋ ಸರ್ಕಾರಿ ಕಾರ್ಯಕ್ರಮ) ಸಹಯೋಗಿನಿ, ಅಂದ್ರ ಊರೂರು ತಿರುಗೋ ಕಾರ್ಯಕರ್ತೆ ಇದ್ದೆ, ಹತ್ತು ಹಳ್ಳಿ ನನ್ನವು, ಕಾಲಿಗಿ ಚಕ್ರ ಕಟ್ಕೊಂಡು ತಿರುಗಿದಾಕಿ. ಹೆಣ್ಮಕ್ಕಳೇ ಕುಂತು ನ್ಯಾಯ ಬಗೆಹರಸೋ ನಾರಿ ಅದಾಲತ್ ಕಟ್ಟಿ ಮ್ಯಾಲ ಕುಂತಾಕಿ. ನಾನು ಬ್ಯಾರೆ ಕಡಿ ಹೋದಾಗ ನನ್ನ ಜಾಗಕ್ಕ ಬಂದಾಕಿ ನನಕಿಂತ ಶಾಣ್ಯಾಕಿ, ಆದ್ರೂ ಮೂರು ಹೆಣ್ಮಕ್ಕಳು ಸಂಘಕ್ಕ ಬರೋದೇ ಬಿಟ್ರು. ಆವಾಗ ನನಗ ಒಳಗೊಳಗ ಖುಷಿ ಆಗಿತ್ತು ನೋಡು, ನನ್ನ ಬಿಟ್ಟು ಇವರಿಗಿ ನಡಿಯಲ್ಲ ಅಂತ. ಭಾಳ ದಿನ ಆದಮ್ಯಾಲ ತಿಳೀತು, ಅವರು ಬಂದಿದ್ದು ನನ್ನ ಹತ್ರ, ಸಂಘದ ಹತ್ರ ನಾನು ಅವರಿಗಿ ಮುಟ್ಟಿಸಿರಲೇ ಇಲ್ಲ. ನಿಮ್ಮ ಅಕ್ಕೋರು 'ನನಗ ಗೊತ್ತದ ಬಿಡು' ಅಂತಾರಂದ್ರ ಅವರದೇನು ಹಠ ಅಲ್ಲ, ಸಂಕಟ ಅದ. ಕೆಟ್ಟ ಮಾಡ್ಕೋಬ್ಯಾಡ.

ಹಿಂಗ ಮಾಡ್ರಿ. ಫೋನು ಕೇಳಬ್ಯಾಡ್ರಿ, ಅಕ್ಕೋರಿಗೇ ಕರಕೊಂಡು ಹೋಗಂತ ಹೇಳ್ರಿ. ಒಂದೊಂದೇ ಮನಿ. ಮೊದಲ ಸಲ ಇಬ್ಬರೂ ಹೋಗಿ ಕುಂತು ಮಳಿ ಬೆಳಿ ಮಾತಾಡಿ ಬರ್ರಿ, ಕೇಸಿನ ಮಾತೇ ತಗೀಬ್ಯಾಡ್ರಿ. ಎರಡನೇ ಸಲ ಹೊಸಾಕಿ ಒಬ್ಬಾಕಿ ಒಳಗ ಹೋಗ್ಲಿ, ಅಕ್ಕೋರು ಅಗಸ್ಯಾಗ ಕುಂದರಲಿ. ಒಲ್ಲೆ ಅಂದಾಕಿ ನಂಬರು ಅಕ್ಕೋರ ಹತ್ರೇ ಇರಲಿ, ಅವಳ ತಾರೀಕಿಗಿ ಅಕ್ಕೋರೇ ಹೋಗ್ಲಿ, ಎಲ್ಲಾ ಒಂದೇ ದಿನ ಒಪ್ಪಿಸಿ ಮುಗಸ್ತೀನಿ ಅಂದ್ರ ಆಗಲ್ಲ. ಮತ್ತ ಅಕ್ಕೋರಿಗಿ 'ಸಲಹೆಗಾರ್ತಿ' ಅಂತ ಆಫೀಸಿನ್ಯಾಗ ಕುರ್ಚಿ ಹಾಕಬ್ಯಾಡ್ರಿ. ಆ ಕುರ್ಚಿ ಇರೋತನ ಹೊಸಾಕಿ ಮೇಡಂನೇ.

ಟ್ರೇನಿಂಗು ತೊಗರಿ ರಾಶಿ ಮುಗಿದಮ್ಯಾಲ ಇಡು, ಹತ್ತಿ ಬಿಡಸೋ ದಿನ ಇಟ್ರಂತೂ ಕೂಲಿ ಬಿಟ್ಟು ಯಾರೂ ಬರಲ್ಲ, ಬಂದ್ರೂ ಕೂಲಿ ಲೆಕ್ಕನೇ ತಲ್ಯಾಗ ಇರ್ತದ. ಒಂದು ದಿನ ಪೂರಾ ಕೋರ್ಟಿನ ವರಾಂಡಾದಾಗ ಕೂಡಸು, ಏನೂ ಹೇಳಬ್ಯಾಡ. ಹನ್ನೊಂದಕ್ಕ ಹೆಸರು ಕೂಗ್ತಾರ, ಕೇಸು ತಗಳೋದು ನಾಕೂವರಿಗಿ, ನಡುವ ಎದುರು ಪಾರ್ಟಿಯವರು ಅದೇ ಬೆಂಚಿನ ಮ್ಯಾಲ ಬಂದು ಕುಂದರ್ತಾರ, ಕೆಮ್ಮತಾರ, ಮೀಸಿ ತಿರುವತಾರ. ಎಲ್ಲಿ ಕುಂತ್ರ ಅವರ ಮುಖ ಕಾಣಲ್ಲ, ನೀರು ಎಲ್ಲದ, ಹೆಣ್ಮಕ್ಕಳ ಪಾಯಖಾನಿಗಿ ಬೀಗ ಅದನೋ ಇಲ್ಲೋ, ಕೀಲಿ ಯಾರ ಹತ್ರ. ನನ್ನ ಚೀಲದಾಗ ಎರಡು ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಒಂದು ಹೆಚ್ಚಿಂದು ಓಡ್ನಿ ಯಾವಾಗ್ಲೂ ಇರ್ತಿತ್ತು. ಓಡ್ನಿ ಯಾಕ ಅಂತ ಕೋರ್ಟಿಗಿ ಹೋದವರಿಗಿ ಗೊತ್ತದ.

ಕೋರ್ಟ್ ಕಟ್ಟಿ, ಕಲಬುರಗಿ:

ಬೀದರ್ ಅಕ್ಕೋರ ಮಾತಿಗಿ ಸಲಾಂ. ಆಳಂದ ರಸ್ತಾ ಅಣ್ಣಾ ಕೇಳಿದ್ದಕ್ಕ ಒಂದು ಮಾತು. ಬರದಿಡಬೇಕು ಖರೆ, ಆದ್ರ ಘಟನೆ ಕಥಿ ಬರೀಬಾರ್ದು. ನಿಮ್ಮ ಡೈರಿ ಕೋರ್ಟಿಗಿ ತರಸ್ರಿ ಅಂತ ಆದೇಶ ಬರಬಹುದು, ಡೈರ್‍ಯಾಗ 'ರಾತ್ರಿ ಎಂಟು' ಅಂತ, ಎಫ್‌ಐಆರ್‌ನಾಗ 'ಒಂಬತ್ತು' ಅಂತ ಇದ್ರ ಪಾಟಿ ಸವಾಲಿನ್ಯಾಗ ಅದನ್ನೇ ಹಿಡದು ಜಗ್ಗತಾರ. ಕಾರ್ಯಕರ್ತೆ ತಪ್ಪು ಕೇಳಿಸ್ಕೊಂಡಿದ್ದಕ್ಕ ಹುಡುಗಿ ಸುಳ್ಳಿ ಆಗ್ತಾಳ. ಅದಕ್ಕ ಒಂದೇ ಹಾಳಿ, ಕೇಸ್ ನಂಬರು, ಕೋರ್ಟು, ಮುಂದಿನ ತಾರೀಕು, ಪರಿಹಾರದ ಅರ್ಜಿ ಹಾಕ್ಯಾರೋ ಇಲ್ಲೋ, ಆಕಿಗಿ ಯಾವ ಹೊತ್ತಿಗಿ ಫೋನ್ ಮಾಡಬೇಕು, ಯಾರು ಎತ್ತಿದ್ರ ಕಟ್ ಮಾಡಬೇಕು. ಅಷ್ಟೇ ಸಾಕು. ಕಥಿ ಹೇಳಿಕ್ಯಾಗ ಅದ, ಬೇಕಾದವರು ಅದರ ನಕಲು ಓದ್ಲಿ.

ಸೇಡಂ ಸಪೋರ್ಟ್ ಪರ್ಸನ್:

ನಾನು ಪೋಕ್ಸೋ, ಅಂದ್ರ ಮಕ್ಕಳ ಮ್ಯಾಲಿನ ಲೈಂಗಿಕ ದೌರ್ಜನ್ಯದ ಕೇಸಿನ್ಯಾಗ ಸಪೋರ್ಟ್ ಪರ್ಸನ್ ಕೆಲಸ ಮಾಡ್ತೀನಿ, ಮಗುವಿನ ಜೋಡಿ ನಿಲ್ಲೋ ಕೆಲಸ. ಶಹಾಪುರದಕ್ಕಾ, ನಿಮ್ಮ ಹಳೀ ಅಕ್ಕೋರು ಯಾವುದರ ಮಗುವಿಗಿ ಸಪೋರ್ಟ್ ಪರ್ಸನ್ ಆಗಿದ್ರ ಅದು ಬ್ಯಾರೇನೇ ಲೆಕ್ಕ. 2020ರ ನಿಯಮದ ಪ್ರಕಾರ ಮಗು ಮತ್ತ ತಂದಿ ತಾಯಿ ಒಪ್ಪಿಗಿ ತಗೊಂಡು ಮಕ್ಕಳ ಕಲ್ಯಾಣ ಸಮಿತಿ ನೇಮಿಸ್ತದ, ಒಕ್ಕೂಟದ ಠರಾವಿಲೆ ಅದು ಬದಲಾಗಲ್ಲ. ಮೊದಲು ಸಮಿತಿಗಿ ಬರದು ಕೊಡ್ರಿ. ಮಗುವಿಗಿ ಇವರು ಬ್ಯಾಡ ಅನಿಸಿದ್ರ ಬಿಡಸ್ಲಿಕ್ಕ ಕೇಳಬಹುದು, ಯಾಕ ಅಂತ ಕಾರಣ ಹೇಳೋ ಅಗತ್ಯನೇ ಇಲ್ಲ. ಈ ಒಂದು ಮಾತು ನಿಮ್ಮ ಟ್ರೇನಿಂಗಿನ್ಯಾಗ ಗ್ವಾಡಿ ಮ್ಯಾಲ ಬರದು ಹಚ್ರಿ. ಬರೇ ಮಕ್ಕಳಿಗಲ್ಲ, ದೊಡ್ಡವರಿಗೂ ಅದೇ ರೂಢಿ ಇಟ್ಕೋರಿ ಅಂತೀನಿ ನಾನು.

ಭಾಷಾ ಒಂದು ಮರೀಬ್ಯಾಡ್ರಿ. ನಮ್ ಕಡಿ ತೆಲುಗು, ತಾಂಡಾದಾಗ ಲಂಬಾಣಿ, ಊರಾಗ ಉರ್ದು, ಬೀದರ್ ಭಾಲ್ಕಿ ಕಡಿ ಮರಾಠಿ. ಒಂದು ಸಲ ಲಂಬಾಣಿ ಹುಡುಗಿ ಹೇಳಿದ್ದನ್ನ ಆಕಿ ಕಾಕಾನೇ ಕನ್ನಡಕ್ಕ ತಿರುವಿ ಹೇಳ್ಲತ್ತಿದ್ದ, ಆಕಿ ಎರಡು ನಿಮಿಷ ಮಾತಾಡಿದ್ರ ಕಾಕಾ ಎರಡೇ ಶಬ್ದ ಹೇಳ್ತಿದ್ದ. ನಿಲ್ಲಸ್ರಿ ಅಂತ ಹೇಳ್ಲಿಕ್ಕ ನನಗ ಧೈರ್ಯ ಬರ್ಲಿಕ್ಕೇ ಅರ್ಧಾ ತಾಸು ಹಿಡೀತು. ಆ ಧೈರ್ಯದ್ದು ಟ್ರೇನಿಂಗ್ ಕೊಡ್ರಿ. ಒಬ್ಬಾಕಿ ಪೊಲೀಸ್ ಆಗ್ಲಿ, ಒಬ್ಬಾಕಿ ಕಾಕಾ ಆಗ್ಲಿ, ಒಬ್ಬಾಕಿ ಕಾರ್ಯಕರ್ತೆ, ಆಟ ಆಡಸ್ರಿ. ಮಲಗಲ್ಲ ಯಾರೂ.

ಆಮ್ಯಾಲ ದವಾಖಾನಿ. ಸರ್ಕಾರಿ ಇರ್ಲಿ ಖಾಸಗಿ ಇರ್ಲಿ, ಅತ್ಯಾಚಾರ, ಆಸಿಡ್ ಕೇಸಿನವರಿಗಿ ಪುಕ್ಕಟೆ ಚಿಕಿತ್ಸಾ ಕೊಡಬೇಕು, ಎಫ್‌ಐಆರ್ ತಂದಮ್ಯಾಲೇ ನೋಡ್ತೀವಿ ಅಂಬಂಗಿಲ್ಲ. ಅತ್ಯಾಚಾರ ಆದಾಕಿಗಿ ಎರಡು ಬೆರಳಿನ ಪರೀಕ್ಷಾ (ಒಳಗ ಬೆರಳು ಹಾಕಿ ನೋಡೋದು) ಮಾಡಲೇಬಾರ್ದು ಅಂತ 2022ರಾಗ ಸುಪ್ರೀಂ ಕೋರ್ಟ್ ಮತ್ತೊಮ್ಮೆ ಖಡಕ್ಕಾಗಿ ಹೇಳ್ಯಾದ.

ಶಹಾಪುರದಾಕಿ:

ಎಲ್ಲಾರಿಗಿ ಶರಣು. ತಡಾ ಮಾಡಿ ಬರೀಲತ್ತೀನಿ, ನಡುವ ಜಾತ್ರಿ ಬಂತು, ಮತ್ತ ಒಂದು ಕೇಸಿನ ಸಾಕ್ಷಿ ಇತ್ತು.

ಬೀದರ್ ಅಕ್ಕೋರು ಬರದಿದ್ದನ್ನ ನಮ್ಮ ಅಕ್ಕೋರಿಗಿ ಓದಿ ಹೇಳಿದೆ. ಒಳಗೊಳಗ ಖುಷಿ ಆಗಿತ್ತು ಅಂಬೋ ಸಾಲಿಗಿ ಬಂದಾಗ 'ಇನ್ನೊಮ್ಮೆ ಓದು' ಅಂದ್ರು. ಓದಿದೆ. ಏನೂ ಮಾತಾಡಲಿಲ್ಲ, ಮರುದಿನ ಮುಂಜಾನಿ ತಾವೇ ಹೊಸಾಕಿಗಿ ಫೋನ್ ಮಾಡಿ ಹುಣಸಗಿ ಬಸ್ಸಿಗಿ ಬಾ ಅಂದ್ರಂತ. ಇಲ್ಲಿತನ ಆರು ಮನಿ ಆಗ್ಯಾವ. ಇಬ್ಬರು ಒಲ್ಲೆ ಅಂದಾರ, ಅವರು ಅಕ್ಕೋರ ಹತ್ರೇ ಇರ್ತಾರ. ಒಂದೇ ಹಾಳಿ ಫಾರ್ಮ್ ಮಾಡೀವಿ, ಯಾರು ಎತ್ತಿದ್ರ ಕಟ್ ಮಾಡಬೇಕು ಅಂಬೋದು ಮೊದಲ್ನೇ ಸಾಲಿನ್ಯಾಗೇ ಹಾಕೀವಿ. ಟ್ರೇನಿಂಗು ಮೂರು ದಿನ, ಒಂದೇ ಸಲ ಅಲ್ಲ, ತಿಂಗಳಿಗೊಂದು, ಮೊದಲ್ನೇದು ಕೋರ್ಟಿನ ವರಾಂಡಾದಾಗೇ. ವಕೀಲ ಅಣ್ಣಾ ಎರಡನೇದಕ್ಕ ನೀವು ಬರಬೇಕು, ಯಾದಗಿರಿ ಸ್ಟೇಷನ್ನಿಗಿ ಗಾಡಿ ಕಳಸ್ತೀವಿ, ಪಿಪಿಟಿ ತರಬ್ಯಾಡ್ರಿ.

ಆಳಂದ ರಸ್ತಾ ಅಣ್ಣಾ, ತಂಗಿ ಹ್ಯಾಂಗದಾಳ?

ಆ ಮೂರು ಕೆಂಪು ಸೀರಿಯೊಳಗ ಒಬ್ಬಾಕಿ ಸಿಕ್ಕಳು. ಹೊಸಾಕಿಗಿ ಎರಡು ಸಲ ನೋಡಿ, ಚಾ ಕೊಟ್ಟು, ಕಡಿಗಿ ಅಕ್ಕೋರಿಗಿ ಹೇಳಿದ್ಳಂತ, 'ಈಕಿ ಬರ್ಲಿ, ಆದ್ರ ಜೀಪಿನ್ಯಾಗ ಬರೋದು ಬ್ಯಾಡ, ಓಣ್ಯಾಗ ಮಂದಿ ನೋಡ್ತಾರ. ಕಾಯಿಪಲ್ಯಾ ಮಾರಾಕಿ ಹಂಗ ನಡಕೊಂತ ಬರ್ಲಿ.'