ಮೊದಲ ಮಂಗಾ ಯಾವುದು ಓದ್ಲಿ? ಸಹಾಯ ಬೇಕು

ನಮಸ್ಕಾರ್ರೀ ಎಲ್ಲರಿಗೂ. ನಾನು ಕೊಪ್ಪಳದಾಕಿ. ಗ್ರಾಫಿಕ್ ಕಾದಂಬರಿ, ಅಂದ್ರ ಚಿತ್ರದಾಗ ಹೇಳೋ ಕಾದಂಬರಿ, ಓದೋದು ನಾಲ್ಕೈದು ವರ್ಷದ ಚಟ. ‘ಮೌಸ್’, ‘ಪರ್ಸೆಪೊಲಿಸ್’ ಎರಡೆರಡು ಸಲ ಆಗ್ಯಾವು. ಈಗ ಮಂಗಾಕ್ಕ, ಅಂದ್ರ ಜಪಾನಿ ಚಿತ್ರಕಥಿಗೆ, ಕೈ ಹಾಕಬೇಕಂತ ಆಸೆ, ಎಲ್ಲಿಂದ ಶುರು ಮಾಡ್ಬೇಕೋ ತಿಳೀವಲ್ದು.

ನನ್ನ ತಮ್ಮ ‘ಒನ್ ಪೀಸ್’ ಓದು ಅಂತಾನ. 1997ರಿಂದ ನಡದೈತಿ, 100 ಸಂಪುಟ ದಾಟೈತಿ. ಅಷ್ಟು ಕೊಳ್ಳಾಕ ಹೊಲಾನ ಮಾರಬೇಕು! ನನಗ ಮುಗಿದಿರೋ ಕಥಿ ಬೇಕು, ಹೊಡೆದಾಟ ಕಡಿಮಿ ಇದ್ರ ಚಲೋ.

ಸದ್ಯ ಎರಡು ತಲ್ಯಾಗ ಅದಾವು. ಒಂದು ನವೋಕಿ ಉರಸಾವಾ ಅವರ ‘ಮಾನ್‌ಸ್ಟರ್’. ತಾನು ಬದುಕಿಸಿದ ಹುಡುಗನೇ ಕೊಲೆಗಾರ ಅಂತ ಗೊತ್ತಾಗಿ ಡಾಕ್ಟರ್ ಅವನ ಬೆನ್ನು ಹತ್ತೋ ಕಥಿ. 18 ಸಂಪುಟ, ಎರಡೆರಡು ಸೇರಿಸಿದ ದಪ್ಪ ಆವೃತ್ತಿ ಆದ್ರ 9. ಇನ್ನೊಂದು ಒಸಾಮು ತೆಜುಕಾ ಅವರ ‘ಬುದ್ಧ’, ಇಂಗ್ಲಿಷಿನಾಗ 8 ಸಂಪುಟ. ಗವಿಮಠದ ಗುಡ್ಡದಾಗ ಅಶೋಕನ ಶಾಸನ ನೋಡಿ ಬೆಳೆದಾಕಿಗೆ, ಜಪಾನಿನವರು ಬುದ್ಧನ್ನ ಹೆಂಗ ಬಿಡಿಸ್ಯಾರಂತ ನೋಡೋ ಆಸೆ ಇರ್ತದಲ್ರೀ. ನಡುನಡುವೆ ತಮಾಷಿ ಬಾಳ ಅಂತಾರ, ಅದೊಂದ ಅನುಮಾನ.

ಮತ್ತೊಂದು ಫಜೀತಿ. ಮೊನ್ನೆ ಗೆಳತಿ ಕಡೆ ಒಂದು ಮಂಗಾ ಇಸ್ಕೊಂಡು, ರೂಢಿಯಂಗ ಎಡದಿಂದ ಬಲಕ್ಕ ಓದಿದೆ. ಸತ್ತಾಂವ ಮುಂದಿನ ಚೌಕದಾಗ ಕುಂತು ಚಾ ಕುಡೀತಿದ್ದ! ಮಂಗಾ ಬಲದಿಂದ ಎಡಕ್ಕ ಓದಬೇಕಂತ. ಅದಕ್ಕ ಕಣ್ಣು ಎಷ್ಟು ದಿನಕ್ಕ ಹೊಂದ್ಕೊಂತಾವು?

ಎರಡರಾಗ ಯಾವುದು ಮೊದಲು? ಬಳ್ಳಾರಿ, ಹೊಸಪೇಟೆ ಕಡೆ ಯಾರ ಹತ್ರಾದ್ರೂ ಮೊದಲ ಸಂಪುಟ ಇದ್ರ ಒಂದು ವಾರ ಓದಾಕ ಕೊಡ್ರೀ. ಪುಟ ಮಡಚಂಗಿಲ್ಲ, ಎಣ್ಣಿ ಕೈಲೆ ಮುಟ್ಟಂಗಿಲ್ಲ.