‘ತಮ್ಮ’ ಎಂದದ್ದೇ ಮುಳುವಾಯಿತು: ಅಮೆರಿಕದಲ್ಲಿ ಆಶ್ರಯದ ಅರ್ಜಿ ತಿರಸ್ಕೃತ, ಮುಂದೇನು?

ಹೊಸನಗರದ ತೋಟದವನು:
ನನ್ನ ತಂಗಿಯ ಮಗ ಕ್ಯಾಲಿಫೋರ್ನಿಯಾದಲ್ಲಿದ್ದಾನೆ. ಜಾತಿ ಬಿಟ್ಟು ಮದುವೆಯಾದದ್ದಕ್ಕೆ ಹುಡುಗಿಯ ಕಡೆಯವರು ಬೆನ್ನು ಬಿದ್ದರೆಂದು ಅಲ್ಲಿ ಆಶ್ರಯ ಕೇಳಿದ್ದ. ವಲಸೆ ನ್ಯಾಯಾಧೀಶರು ಕೊಡಲಿಲ್ಲ. ವಲಸೆ ಮೇಲ್ಮನವಿ ಮಂಡಳಿಯೂ ಜೂನ್ 9ರಂದು ಅದನ್ನೇ ಎತ್ತಿಹಿಡಿಯಿತು. ಆದೇಶ ಅವನ ಕೈಸೇರಿದ್ದು 20ಕ್ಕೆ.

ನಿನ್ನೆ ಮಳೆಯಲ್ಲಿ ಪೇಟೆಗೆ ಹೋಗಿ ಜೆರಾಕ್ಸ್ ಅಂಗಡಿಯಲ್ಲಿ ಅಚ್ಚು ಹಾಕಿಸಿ ಓದಿದೆ. ಅರ್ಜಿಯಲ್ಲಿ ಒಡಹುಟ್ಟಿದವರು ಇಲ್ಲ ಎಂದು ಬರೆದವನು ವಿಚಾರಣೆಯಲ್ಲಿ ‘ನನ್ನ ತಮ್ಮನಿಗೂ ಹೊಡೆದರು’ ಎಂದನಂತೆ, ಆದ್ದರಿಂದ ನಂಬುವಂತಿಲ್ಲವಂತೆ. ಆ ತಮ್ಮ ಅವನ ಚಿಕ್ಕಪ್ಪನ ಮಗ! ಒಂದೇ ಅಂಗಳದಲ್ಲಿ ಬೆಳೆದವರು. ದುಭಾಷಿ ‘ಬ್ರದರ್’ ಎಂದುಬಿಟ್ಟರು. ಜೊತೆಗೆ, ಬೆಂಗಳೂರಿಗೆ ಹೋಗಿ ಬದುಕಬಹುದಿತ್ತು ಎಂದೂ ಬರೆದಿದ್ದಾರೆ. ನಾಡಕಚೇರಿಯಲ್ಲಿ ವಂಶವೃಕ್ಷ ಮಾಡಿಸಿ ಕಳುಹಿಸಿದರೆ ಮೇಲಿನ ಕೋರ್ಟು ನೋಡುತ್ತದೆಯೇ? ಜುಲೈ 20ರವರೆಗೆ ಸಮಯವಿದೆ ಅಲ್ಲವೇ?

ಸಾಗರದವಳು, ಈಗ ಸ್ಯಾಕ್ರಮೆಂಟೊ:
ಇಲ್ಲ ಅಣ್ಣ, ಮೊದಲು ದಿನ ಎಣಿಸಿ. 30 ದಿನದ ಲೆಕ್ಕ ಶುರುವಾಗುವುದು ಆದೇಶದ ದಿನಾಂಕದಿಂದ, ಲಕೋಟೆ ಒಡೆದ ದಿನದಿಂದಲ್ಲ. ಜುಲೈ 9ರೊಳಗೆ ಅರ್ಜಿ ಕ್ಯಾಲಿಫೋರ್ನಿಯಾದ ಪ್ರಕರಣಗಳನ್ನು ನೋಡುವ ಒಂಬತ್ತನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯದಲ್ಲಿ ದಾಖಲಾಗಿರಬೇಕು. ಅಂಚೆಗೆ ಹಾಕಿದರೆ ಸಾಲದು. ಅರ್ಜಿ ಹಾಕಿದ ಮಾತ್ರಕ್ಕೆ ಗಡೀಪಾರು ತಾನಾಗಿ ನಿಲ್ಲುವುದಿಲ್ಲ, ತಡೆಯಾಜ್ಞೆಯನ್ನು ಬೇರೆಯಾಗಿಯೇ ಕೇಳಬೇಕು.

ವಂಶವೃಕ್ಷವನ್ನು ಆ ಕೋರ್ಟು ಮುಟ್ಟುವುದಿಲ್ಲ. ಕೆಳಗೆ ದಾಖಲಾದ ಕಡತವಷ್ಟೇ ಅವರ ಮುಂದಿರುತ್ತದೆ. ಹೊಸ ಕಾಗದವಿದ್ದರೆ ಪ್ರಕರಣ ಮತ್ತೆ ತೆರೆಯಿರಿ ಎಂದು ಮಂಡಳಿಗೇ 90 ದಿನದೊಳಗೆ ಕೇಳಬೇಕು. ಅದನ್ನು ಮೊದಲೇ ಏಕೆ ಕೊಡಲಾಗಲಿಲ್ಲ ಎಂದೂ ಹೇಳಬೇಕು. ಆ ಕೋರಿಕೆ ಹಾಕಿದ್ದೇವೆಂದು ಕೋರ್ಟಿನ 30 ದಿನ ಮುಂದಕ್ಕೆ ಹೋಗುವುದಿಲ್ಲ. 1995ರಲ್ಲೇ ಅಮೆರಿಕದ ಸುಪ್ರೀಂ ಕೋರ್ಟು ಹೀಗೆ ಹೇಳಿದೆ. ಎಷ್ಟೋ ಜನ ಎಡವುವುದು ಇಲ್ಲೇ.

ಇನ್ನು ‘ತಮ್ಮ’. 2005ರ ರಿಯಲ್ ಐಡಿ ಕಾಯಿದೆ ಬಂದ ಮೇಲೆ, ಕಥೆಯ ತಿರುಳಿಗೆ ಸಂಬಂಧವಿಲ್ಲದ ಸಣ್ಣ ವ್ಯತ್ಯಾಸವನ್ನೂ ಹಿಡಿದು ನಂಬುವುದಿಲ್ಲ ಎನ್ನಬಹುದು. ಆದರೆ ಅವನು ಕೊಟ್ಟ ವಿವರಣೆಯನ್ನು ನ್ಯಾಯಾಧೀಶರು ಕಿವಿಗೇ ಹಾಕಿಕೊಳ್ಳದಿದ್ದರೆ ಅದು ದೋಷ. ವಿಚಾರಣೆಯ ಲಿಖಿತ ಪ್ರತಿ ತರಿಸಿ ನೋಡಿ: ‘ಚಿಕ್ಕಪ್ಪನ ಮಗ’ ಎಂದು ಅಲ್ಲೇ ಹೇಳಿದ್ದನೇ? ಮಂಡಳಿಯ ಮುಂದೆ ವಕೀಲರು ಅದನ್ನು ಎತ್ತಿದ್ದರೇ? ಅಲ್ಲಿ ಎತ್ತದ ಮಾತನ್ನು ಸರ್ಕಾರಿ ವಕೀಲರು ಇಲ್ಲಿ ಎತ್ತಲು ಬಿಡುವುದಿಲ್ಲ.

ನಿವೃತ್ತ ಶಿರಸ್ತೇದಾರ, ಶಿವಮೊಗ್ಗ:
ನಮ್ಮ ಎರಡನೇ ಮೇಲ್ಮನವಿ ನೆನಪಾಯಿತು. ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) 100ನೇ ಕಲಂನಲ್ಲಿ ಹೈಕೋರ್ಟು ‘ಸಾಕ್ಷಿ ಸುಳ್ಳೋ ನಿಜವೋ ನಾನು ತೂಗುವುದಿಲ್ಲ, ಕಾನೂನಿನ ಪ್ರಶ್ನೆ ಇದ್ದರೆ ಹೇಳು’ ಎನ್ನುತ್ತದಲ್ಲ, ಹಾಗೆ. ಮೂವತ್ತು ವರ್ಷ ಕಕ್ಷಿದಾರರು ನನ್ನ ಮೇಜಿನ ಮುಂದೆ ನಿಂತು ‘ನ್ಯಾಯ ನಮ್ಮ ಕಡೆ ಇದೆ ಸ್ವಾಮಿ’ ಎಂದದ್ದನ್ನು ಕೇಳಿದ್ದೇನೆ. ಕಡತದಲ್ಲಿ ಇದೆಯೇ ಎಂದರೆ ಸುಮ್ಮನಾಗುತ್ತಿದ್ದರು.

ಸಾಗರದವಳು, ಈಗ ಸ್ಯಾಕ್ರಮೆಂಟೊ:
ಹತ್ತಿರದ ಹೋಲಿಕೆ, ಆದರೆ ಪೂರ್ತಿ ಅಲ್ಲ. ಇಲ್ಲಿ ಸಂಗತಿಯನ್ನೂ ನೋಡುತ್ತಾರೆ. ಅಳತೆಗೋಲು ಮಾತ್ರ ಬಲು ಬಿಗಿ. ಬೇರೆ ತೀರ್ಮಾನವೂ ಸಾಧ್ಯವಿತ್ತು ಎಂದರೆ ಸಾಲದು. ವಿವೇಕವಿರುವ ಯಾರೇ ಆದರೂ ಬೇರೆ ತೀರ್ಮಾನಕ್ಕೆ ಬರಲೇಬೇಕಿತ್ತು ಎನ್ನುವಷ್ಟು ಗಟ್ಟಿಯಾಗಿ ದಾಖಲೆ ಮಾತಾಡಬೇಕು. ಅಣ್ಣ, ನೀವೆಲ್ಲ ‘ತಮ್ಮ’ನ ಹಿಂದೆ ಬಿದ್ದಿದ್ದೀರಿ. ನನಗೆ ಭಯ ಬೆಂಗಳೂರಿನದ್ದು. ಎರಡು ಕಾರಣಗಳೂ ಬೇರೆ ಬೇರೆಯಾಗಿ ನಿಲ್ಲುವಂತಿದ್ದರೆ, ಒಂದನ್ನು ಕೆಡವಿದರೂ ಇನ್ನೊಂದರ ಮೇಲೆ ತಿರಸ್ಕಾರ ಉಳಿಯುತ್ತದೆ.

ಹೊಸನಗರದ ತೋಟದವನು:
ಬೆಳಿಗ್ಗೆ ಏಳೂವರೆಗೆ ಫೋನ್ ಹಿಡಿದೆ, ಅಲ್ಲಿ ಸಂಜೆ ಏಳು. ಲಿಖಿತ ಪ್ರತಿಯ 43ನೇ ಪುಟದಲ್ಲಿ ಇದೆ: ‘ಅವನು ನನ್ನ ಚಿಕ್ಕಪ್ಪನ ಮಗ, ನಾವು ತಮ್ಮ ಅಂತಲೇ ಕರೆಯುವುದು.’ ತೀರ್ಪಿನಲ್ಲಿ ಆ ಸಾಲಿನ ಸುದ್ದಿಯೇ ಇಲ್ಲ. ಮಂಡಳಿಗೆ ಹಳೆಯ ವಕೀಲರು ಬರೆದದ್ದರಲ್ಲಿ ಇದಕ್ಕೆ ಎರಡು ಪುಟ, ಬೆಂಗಳೂರಿಗೆ ಒಂದೇ ಸಾಲು. ಹೊಸ ವಕೀಲೆ ಆ ಒಂದು ಸಾಲನ್ನು ಮೂರು ಸಲ ಓದಿಸಿಕೊಂಡು, ‘ಇಷ್ಟಾದರೂ ಇದೆಯಲ್ಲ’ ಎಂದರಂತೆ. ಸೋಮವಾರ ದಾಖಲಿಸುತ್ತಾರೆ. ವಂಶವೃಕ್ಷಕ್ಕೂ ನಾಳೆ ಅರ್ಜಿ ಕೊಟ್ಟು ಬರುತ್ತೇನೆ, ಮಂಡಳಿಗೆ ಬೇಕಾದೀತು.